ಎರಡು ದೀಪಗಳ ಲಗ್ನಪತ್ರಿಕೆ

ಈ ಬರಹದಲ್ಲಿ ಯಾರ ಹೆಸರನ್ನೂ ನಾನು ಬರೆಯುವುದಿಲ್ಲ. ಹೆಸರು ಬರೆದು, ಅದನ್ನು ಹಿಂದೆ ಮುಂದೆ ಮಾಡಿ, ದಪ್ಪ ಸಣ್ಣ ಮಾಡಿ ಪಟ್ಟ ಪಾಡು ಈ ಜನ್ಮಕ್ಕೆ ಸಾಕಾಗಿದೆ. ದೇವನಹಳ್ಳಿಯ ಹಳೇ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಪ್ರಿಂಟಿಂಗ್ ಅಂಗಡಿ. ಅಲ್ಲಿ ನಾನು ವರ್ಷಗಟ್ಟಲೆ ಮಾಡಿದ್ದು ಜನರ ಹೆಸರು ಜೋಡಿಸುವ ಕೆಲಸವೇ. ಲಗ್ನಪತ್ರಿಕೆ, ಗೃಹಪ್ರವೇಶ, ನಾಮಕರಣ, ತಿಥಿ ಕಾರ್ಡು, ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುವವರ ವಿಸಿಟಿಂಗ್ ಕಾರ್ಡು, ಗಣೇಶನ ಹಬ್ಬ ಬಂದರೆ ಫ್ಲೆಕ್ಸು. ಫ್ಲೆಕ್ಸಿನಲ್ಲಿ ಗಣೇಶ ಅಂಗೈಯಗಲ ಇರುತ್ತಿದ್ದ, ಶುಭ ಕೋರುವವರ ಮುಖಗಳು ಮೊರದಗಲ.

ನಮ್ಮ ಕಡೆಯ ಲಗ್ನಪತ್ರಿಕೆ ಹೇಗಿರುತ್ತದೆಂದು ಗೊತ್ತಲ್ಲ. ಮೇಲೆ ಮನೆದೇವರು, ಕೆಳಗೆ ಹೆಣ್ಣು ಗಂಡು, ಮುಹೂರ್ತ, ಛತ್ರದ ವಿಳಾಸ. ಮದುವೆಯ ವಿಷಯ ಅಲ್ಲಿಗೆ ಮುಗಿಯಿತು. ಆಮೇಲೆ ಶುರುವಾಗುವುದು ‘ಸುಖಾಗಮನ ಬಯಸುವವರು’. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ, ಭಾವಮೈದುನ, ಹಾಲಿನ ಡೈರಿ ಅಧ್ಯಕ್ಷರು, ಮಾಜಿ ಅಧ್ಯಕ್ಷರು. ಪ್ರೂಫ್ ನೋಡಲು ಬಂದವರು ಮುಹೂರ್ತದ ಗಂಟೆ ತಪ್ಪಾಗಿದ್ದರೂ ಗಮನಿಸುತ್ತಿರಲಿಲ್ಲ, ಯಾರ ಹೆಸರು ಯಾರ ಕೆಳಗೆ ಬಂತು ಎನ್ನುವುದನ್ನು ಮಾತ್ರ ಕನ್ನಡಕ ಒರೆಸಿಕೊಂಡು ನೋಡುತ್ತಿದ್ದರು. ಹೆಸರು ಒಂದು ಸಾಲು ಕೆಳಗಿಳಿಯಿತೆಂದು ಮದುವೆಗೇ ಬಾರದವರನ್ನು ನಾನು ಕಂಡಿದ್ದೇನೆ.

ನಮ್ಮ ಓನರ್ ಅಣ್ಣನ ಹತ್ತಿರ ಇದಕ್ಕೊಂದು ಮದ್ದಿತ್ತು. ಮಾತು ಬಿಟ್ಟ ಇಬ್ಬರು ಒಂದೇ ಪತ್ರಿಕೆಯಲ್ಲಿ ಬರಬೇಕಾದರೆ ಅವರನ್ನು ಒಂದೇ ಸಾಲಿನಲ್ಲಿ ಅಕ್ಕಪಕ್ಕ ಕೂರಿಸಿ ನಡುವೆ ಒಂದು ಹೂವು ಇಡುವುದು. ‘ಎಡಗಡೆಯವನು ನಾನೇ ಮೊದಲು ಅಂದ್ಕೋತಾನೆ, ಬಲಗಡೆಯವನು ಬಲವೇ ಶ್ರೇಷ್ಠ ಅಂದ್ಕೋತಾನೆ. ಇಬ್ರೂ ಸಮಾಧಾನವಾಗಿ ಊಟ ಮಾಡ್ಕೊಂಡು ಹೋಗ್ತಾರೆ ಕಣಮ್ಮ’ ಎನ್ನುತ್ತಿದ್ದರು. ಅಣ್ಣನಿಗೆ ಮಕ್ಕಳಿಲ್ಲ, ತಾಲ್ಲೂಕಿನ ಅರ್ಧ ಮದುವೆಗಳು ತನ್ನ ಕೈಯಿಂದಲೇ ಸಾಂಗವಾಗಿ ನಡೆದವೆಂಬ ಹೆಮ್ಮೆ ಮಾತ್ರ ಬೇಕಾದಷ್ಟಿತ್ತು.

ವಿಮಾನ ನಿಲ್ದಾಣದ ಎರಡನೇ ರನ್‌ವೇ ಕೆಲಸ ನಡೆಯುತ್ತಿದ್ದ ವರ್ಷಗಳವು. ಹೊಲಕ್ಕೆ ಹೋಗುವ ಮುದುಕರ ಅಂಗಿ ಜೇಬಿನಲ್ಲೂ ದೊಡ್ಡ ಪರದೆಯ ಫೋನು ಬಂದಿತ್ತು. ಒಂದು ಬೆಳಗ್ಗೆ ಅಣ್ಣ ಕುರ್ಚಿಯಲ್ಲಿ ಕೂರುತ್ತಲೇ ಹೇಳಿದರು. ‘ಏನಮ್ಮಾ, ಇನ್ಮೇಲೆ ಪತ್ರಿಕೆ ಕುಣೀಬೇಕಂತೆ. ಫೋನಲ್ಲಿ ಕಳಿಸ್ಬೇಕಂತೆ, ಮುಟ್ಟಿದ್ರೆ ಬಾಗಿಲು ತೆರ್ಕೋಬೇಕಂತೆ. ಮಾಡ್ತೀಯಾ, ಇಲ್ಲಾ ಯಲಹಂಕದೋರಿಗೆ ಕೊಡ್ಲಾ?’

ನಮ್ಮ ಗಿರಾಕಿಗಳನ್ನು ಸೆಳೆಯುತ್ತಿದ್ದ ಯಲಹಂಕದ ಅಂಗಡಿಯ ಹೆಸರು ಎತ್ತಿದರೆ ನನಗೆ ಉರಿದುಹೋಗುತ್ತದೆಂದು ಅವರಿಗೆ ಗೊತ್ತು. ‘ಯಾಕೆ, ಅವರಿಗೇನು ಹತ್ತು ಕೈ ಇದಾವಾ? ನಾನೇ ಮಾಡ್ತೀನಿ’ ಎಂದುಬಿಟ್ಟೆ. ನನಗೆ ಕೋಡಿಂಗಿನ ಗಂಧಗಾಳಿ ಇರಲಿಲ್ಲ. ಪಿಯುಸಿಯಲ್ಲಿ ಕಂಪ್ಯೂಟರ್ ಮೇಡಂ ಬೋರ್ಡಿನ ತುಂಬ ಬರೆದದ್ದನ್ನು ನೋಡಿಕೊಂಡು ಟೈಪ್ ಮಾಡುತ್ತಿದ್ದೆ, ಎಲ್ಲೋ ಒಂದು ಚುಕ್ಕೆ ಬಿಟ್ಟುಹೋದರೆ ಇಡೀ ಪ್ರೋಗ್ರಾಮು ಮುನಿಸಿಕೊಂಡು ಕೂರುತ್ತಿತ್ತು. ಅದರ ಸಹವಾಸವೇ ಬೇಡವೆಂದು ಬಿ.ಕಾಂ. ಮಾಡಿದವಳು ನಾನು.

ಆದರೆ ಹುಡುಕಿದಾಗ ಅಂತರಜಾಲದಲ್ಲಿ ಒಂದು ಸಾಧನ ಸಿಕ್ಕಿತು. ಅದರಲ್ಲಿ ಒಂದಕ್ಷರ ಕೋಡು ಬರೆಯುವ ಹಾಗಿಲ್ಲ. ಮೇಲೆ ಚಿತ್ರ, ಕೆಳಗೆ ಅಳತೆಪಟ್ಟಿಯಂಥ ಒಂದು ಗೆರೆ. ಆ ಗೆರೆಯೇ ಕಾಲ. ಒಂದು ಮಲ್ಲಿಗೆ ಹೂವನ್ನು ಎಳೆದು ಪರದೆಯ ತುದಿಯಲ್ಲಿಟ್ಟು ಗೆರೆಯ ಮೇಲೆ ಒಂದು ಗುರುತು ಹಾಕಬೇಕು. ಅದೇ ಹೂವನ್ನು ಇನ್ನೊಂದು ಕಡೆ ಇಟ್ಟು ಇನ್ನೊಂದು ಗುರುತು ಹಾಕಬೇಕು. ಹೊರಡುವ ಜಾಗ, ಸೇರುವ ಜಾಗ ನಾವು ಹೇಳುವುದು, ನಡುವಿನ ದಾರಿ ಅದರ ಜವಾಬ್ದಾರಿ. ಮುಟ್ಟಿದರೆ ಏನಾಗಬೇಕೆನ್ನುವುದಕ್ಕೆ ಪಕ್ಕದಲ್ಲಿ ಸಣ್ಣ ಸಣ್ಣ ಚೌಕಗಳಿದ್ದವು. ತೋರಿಸು, ಮರೆಮಾಡು, ತಿರುಗಿಸು. ಬೇಕಾದದ್ದಕ್ಕೆ ಟಿಕ್ ಹಾಕಿದರೆ ಮುಗಿಯಿತು.

ಮುಗಿಯಿತು ಎಂದು ಈಗ ಹೇಳುತ್ತೇನೆ. ನನ್ನ ಮೊದಲ ಪತ್ರಿಕೆಯಲ್ಲಿ ಹಾರ ಮದುಮಗನ ಕೊರಳಿಗೆ ಬೀಳುವ ಬದಲು ಮದುಮಗನೇ ಕೆಳಗಿನಿಂದ ಮೇಲಕ್ಕೆದ್ದು ಮನೆದೇವರ ಪಕ್ಕದಿಂದ ಹಾರಿ ಪರದೆಯ ಆಚೆ ಹೊರಟುಹೋದ. ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕರು. ‘ಏರ್‌ಪೋರ್ಟ್ ಪಕ್ಕದಲ್ಲಿದೀವಿ ನಿಜ. ಹಂಗಂತ ಗಂಡನ್ನೇ ಟೇಕಾಫ್ ಮಾಡ್ಸೋದಾ?’ ನನಗೂ ನಗು ಬಂತು. ಹಾರಕ್ಕೆ ಹಾಕಬೇಕಾದ ಗುರುತುಗಳನ್ನು ಮದುಮಗನಿಗೆ, ಅದೂ ಹಿಂದುಮುಂದಾಗಿ ಹಾಕಿದ್ದೆ. ಹಾಗೆ ಎಡವುತ್ತಲೇ ಕಲಿತೆ, ಕಲಿತ ಮೇಲೆ ಹುಚ್ಚು ಹಿಡಿಯಿತು. ಅಕ್ಷತೆ ಬೀಳಿಸಿದೆ, ತೋರಣ ತೂಗಾಡಿಸಿದೆ, ಮುಟ್ಟಿದರೆ ಬಾಗಿಲು ತೆರೆಯುವ ಛತ್ರ ಮಾಡಿದೆ. ಊಟ ಮಾಡುವಾಗಲೂ ತಟ್ಟೆಯಲ್ಲಿ ಮುದ್ದೆಯನ್ನು ಅಲ್ಲಿಂದಿಲ್ಲಿಗೆ ಸರಿಸುತ್ತಾ ಎಷ್ಟು ನಿಧಾನ ಸರಿದರೆ ಚೆನ್ನ ಎಂದು ನೋಡುತ್ತಿದ್ದೆ. ಅಮ್ಮ ‘ಅನ್ನದ ಮುಂದೆ ಆಟ ಆಡ್ಬೇಡ’ ಎಂದು ಗದರುತ್ತಿದ್ದಳು.

ಒಂದು ವಿಷಯ ಮಾತ್ರ ಮೊದಲಿನಿಂದ ಕಾಡಿತು. ಕಾಗದದ ಮೇಲೆ ಎಲ್ಲ ಹೆಸರುಗಳೂ ಒಟ್ಟಿಗೆ ಇರುತ್ತವೆ. ಕವರಿನಿಂದ ತೆಗೆದ ಕ್ಷಣವೇ ಎಲ್ಲರೂ ಹಾಜರ್. ಪರದೆಯ ಮೇಲೆ ಹಾಗಲ್ಲ. ಅಲ್ಲಿ ಕಾಲವಿದೆ, ಆದ್ದರಿಂದ ಯಾರೋ ಮೊದಲು ಬರಬೇಕು, ಯಾರೋ ಕಾಯಬೇಕು. ಒಬ್ಬರು ಬರಬೇಕಾದರೆ ಇನ್ನೊಬ್ಬರು ಜಾಗ ಬಿಟ್ಟು ಮರೆಯಾಗಬೇಕು. ನಾನು ಇದನ್ನು ಬರೀ ಜಾಗದ ಪ್ರಶ್ನೆ ಎಂದುಕೊಂಡಿದ್ದೆ. ಫೋನಿನ ಪರದೆ ಚಿಕ್ಕದು, ಏನು ಮಾಡುವುದು ಎಂದು.

ಆ ಹೊತ್ತಿಗೆ ನನ್ನ ತಂಗಿಯ ಮದುವೆ ಗೊತ್ತಾಯಿತು. ಗಂಡು ದೊಡ್ಡಬಳ್ಳಾಪುರದ ಕಡೆಯವನು.

ನಮ್ಮ ಮನೆಯ ಕತೆ ಸ್ವಲ್ಪ ಹೇಳಬೇಕು. ನಮ್ಮೂರು ಹೊಸಕೋಟೆ ತಾಲ್ಲೂಕಿನ ನಂದಗುಡಿ ಹೋಬಳಿ. ಅಪ್ಪ ತೀರಿಕೊಂಡಾಗ ನಾನು ಪಿಯುಸಿ, ತಂಗಿ ಇನ್ನೂ ಹೈಸ್ಕೂಲು. ತಿಥಿಯ ದಿನ ಎಡೆ ಇಟ್ಟು ಎಲ್ಲರೂ ಊಟಕ್ಕೆ ಕುಳಿತಿದ್ದಾಗ ಅಮ್ಮನ ತಮ್ಮ, ನಮ್ಮ ಮಾವ, ಎದ್ದು ನಿಂತು ಊರವರ ಮುಂದೆಯೇ ಹೇಳಿದ. ‘ನಮ್ಮಕ್ಕನ್ನ, ಮಕ್ಳನ್ನ ನಾನು ಕರ್ಕೊಂಡ್ಹೋಗ್ತೀನಿ. ಯಾರ ಹಂಗೂ ಬೇಡ ನಮಗೆ.’ ಮಾವನ ಬಾಯಿ ಅಂಥದ್ದು, ಮನಸ್ಸು ಬೆಣ್ಣೆ. ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ, ಬಡಿಸುತ್ತಿದ್ದವರು ಸೌಟು ಹಿಡಿದು ಹಾಗೆಯೇ ನಿಂತರು. ಮಾರನೆಯ ವಾರ ನಾವು ದೇವನಹಳ್ಳಿಯ ಮಾವನ ಮನೆಯ ಹಿಂದಿನ ಎರಡು ಕೋಣೆಗೆ ಬಂದೆವು. ಮಾವ ಏರ್‌ಪೋರ್ಟಿಗೆ ಟ್ಯಾಕ್ಸಿ ಓಡಿಸಿ ನಮ್ಮಿಬ್ಬರನ್ನೂ ಓದಿಸಿದ.

ಅಂದಿನಿಂದ ದೊಡ್ಡಪ್ಪನಿಗೂ ಮಾವನಿಗೂ ಮಾತಿಲ್ಲ. ದೊಡ್ಡಪ್ಪ ಮಾವನ ಹೊಸಿಲು ತುಳಿಯಲಿಲ್ಲ. ಆದರೆ ಪ್ರತಿ ಸುಗ್ಗಿಯಲ್ಲೂ ನಮ್ಮ ಹೊಲದ ರಾಗಿ ಮೂಟೆ ಬಸ್ಸಿನ ಟಾಪಿನ ಮೇಲೆ ಬರುತ್ತಿತ್ತು, ಕಂಡಕ್ಟರ್ ಕೂಗಿ ಇಳಿಸಿ ಹೋಗುತ್ತಿದ್ದ. ಮಾವ ಆ ರಾಗಿಯ ಮುದ್ದೆ ಉಣ್ಣುವಾಗ ಯಾವ ಹೊಲದ್ದೆಂದು ಕೇಳುತ್ತಿರಲಿಲ್ಲ. ನಾವೂ ಹೇಳುತ್ತಿರಲಿಲ್ಲ.

ಮದುವೆ ಗೊತ್ತಾದ ಸಂಜೆ ಅಮ್ಮ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡಳು. ‘ನಂದು ಒಂದೇ ಆಸೆ ಕಣೇ. ಧಾರೆ ನಿಮ್ಮಪ್ಪನ ಮನೆ ಕೈಯಿಂದಾನೇ ಆಗ್ಬೇಕು. ನಿಮ್ಮ ದೊಡ್ಡಪ್ಪ ದೊಡ್ಡಮ್ಮ ನಿಂತು ಎರೀಬೇಕು. ಹೆಣ್ಣನ್ನ ಮಂಟಪಕ್ಕೆ ಕರ್ಕೊಂಡ್ಬರೋನು ನಿಮ್ಮ ಮಾವ. ಇಬ್ರೂ ಇರ್ಬೇಕು.’

‘ನೀನು?’ ಎಂದೆ.

‘ನಾನೆಲ್ಲಿ ನಿಲ್ಲೋದು? ಒಳಗಡೆ ಇರ್ತೀನಿ. ಅಕ್ಕಿ, ಕಾಯಿ, ಎಲೆಅಡಿಕೆ ನೋಡ್ಕೊಳೋರು ಬೇಡ್ವಾ?’

ಗಂಡ ಸತ್ತವಳು ಧಾರೆಯ ಹೊತ್ತಿಗೆ ಮುಂದೆ ಬರಬಾರದು. ಆ ಮಾತನ್ನು ಅಮ್ಮ ಬಾಯಿಬಿಟ್ಟು ಹೇಳಲೂ ಇಲ್ಲ. ತೆಂಗಿನಕಾಯಿಯ ಮೇಲೆ ಹಾಕಿಬಿಟ್ಟಳು. ನನಗೆ ಮೂಗಿನ ತುದಿಯಲ್ಲೇ ಕೋಪ, ‘ಹೆತ್ತೋಳು ನೀನು, ಸ್ಟೋರ್ ರೂಮಲ್ಲಿ ಕೂತ್ಕೋತೀಯಾ?’ ಎಂದು ಕೂಗಾಡಿದೆ. ‘ಸುಮ್ನಿರೇ, ಅವ್ರಿಬ್ರೂ ಬಂದ್ರೆ ಸಾಕು ನನಗೆ. ನೀನು ಹೊಸದೊಂದು ಹಚ್ಚಬೇಡ’ ಎಂದು ಅಮ್ಮ ಒಳಗೆ ಹೋದಳು. ನಾನು ಅಷ್ಟಕ್ಕೇ ಬಾಯಿ ಮುಚ್ಚಿಕೊಂಡೆ. ದೊಡ್ಡಪ್ಪ ಬರದೇ ಹೋದರೆ ಎರಡು ಮನೆಗಳ ನಡುವೆ ಉಳಿದಿದ್ದ ಆ ರಾಗಿ ಮೂಟೆಯ ನಂಟೂ ಕಡಿದುಹೋಗುತ್ತಿತ್ತು.

ಕಾಗದದ ಪತ್ರಿಕೆಗೆ ಅಣ್ಣನ ಮದ್ದನ್ನೇ ಹಾಕಿದೆ. ದೊಡ್ಡಪ್ಪ ಎಡಗಡೆ, ಮಾವ ಬಲಗಡೆ, ನಡುವೆ ಹೂವು. ಅಮ್ಮನೂ ನಾನೂ ಅರಿಶಿನ ಕುಂಕುಮ, ಹಣ್ಣು ಎಲೆಅಡಿಕೆ ತಗೊಂಡು ಮೊದಲ ಪತ್ರಿಕೆಯನ್ನು ಮನೆದೇವರಿಗಿಟ್ಟು ಎರಡನೆಯದನ್ನು ದೊಡ್ಡಪ್ಪನ ಮನೆಗೆ ಒಯ್ದೆವು. ದೊಡ್ಡಪ್ಪ ಎರಡೂ ಕೈಯಲ್ಲಿ ಇಸಿದುಕೊಂಡರು. ದೊಡ್ಡಮ್ಮನಿಂದ ಓದಿಸಿಕೊಂಡರು. ಮಾವನ ಹೆಸರು ಬಂದಾಗ ಕೆಮ್ಮಿದರು, ಅಷ್ಟೇ. ‘ಬರ್ತೀವಿ ಕಣಮ್ಮ. ನಮ್ಮ ಮಗಳ ಧಾರೆ ನಾವಲ್ದೆ ಯಾರು ಎರೀತಾರೆ?’ ಎಂದರು. ಬಸ್ಸಿನಲ್ಲಿ ಬರುವಾಗ ಅಮ್ಮ ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ಸಂತೋಷದ ಅಳು.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ತಂಗಿಗೆ ಕುಣಿಯುವ ಪತ್ರಿಕೆ ಬೇಕಾಗಿತ್ತು. ‘ಊರೋರಿಗೆಲ್ಲ ಮಾಡ್ಕೊಡ್ತೀಯ, ನನಗಿಲ್ವಾ?’ ಎಂದು ಮುಖ ಊದಿಸಿಕೊಂಡಳು. ನನಗೂ ಒಳಗೊಳಗೇ ಆಸೆ ಇತ್ತು, ಸುಳ್ಳೇಕೆ ಹೇಳಲಿ.

ಯೋಚಿಸಿ ಯೋಚಿಸಿ ಒಂದು ಉಪಾಯ ಹೂಡಿದೆ. ಪರದೆಯ ಮೇಲೆ ನಮ್ಮೂರ ಮನೆಯಂಥ ಒಂದು ಬಾಗಿಲು. ಮಾವಿನೆಲೆಯ ತೋರಣ ಅಲ್ಲಾಡುತ್ತಿರುತ್ತದೆ. ಬಾಗಿಲ ಎರಡೂ ಪಕ್ಕ ಒಂದೊಂದು ದೀಪದ ಕಂಬ, ಹಚ್ಚಿಲ್ಲ. ಎಡಗಡೆಯ ದೀಪ ಮುಟ್ಟಿದರೆ ಅದು ಹೊತ್ತಿಕೊಂಡು ಅಪ್ಪನ ಮನೆಯವರ ಹೆಸರುಗಳು ಬಾಗಿಲ ನಡುವೆ ಬೆಳಕಿಗೆ ಬರುತ್ತವೆ. ದಿವಂಗತ ಎಂದು ಅಪ್ಪನ ಹೆಸರು, ಪಕ್ಕದಲ್ಲಿ ಅಮ್ಮನದು, ಕೆಳಗೆ ದೊಡ್ಡಪ್ಪ ದೊಡ್ಡಮ್ಮ. ಬಲಗಡೆಯ ದೀಪ ಮುಟ್ಟಿದರೆ ಮಾವ ಮತ್ತು ಅವನ ಮನೆಯವರು. ಯಾರು ಮೊದಲು ಎಂಬ ಪ್ರಶ್ನೆಯೇ ಇಲ್ಲ. ಮುಟ್ಟುವವರ ಇಷ್ಟ! ಅಣ್ಣ ಅದನ್ನು ನೋಡಿ ‘ಭೇಷ್’ ಎಂದರು. ಪೂರ್ತಿ ನಾಲ್ಕು ಸಂಜೆ ನಾನು ಜ್ವಾಲೆಯೊಂದನ್ನೇ ತಿದ್ದಿದೆ. ಗಾಳಿಗೆ ಒಂಚೂರು ಬಾಗಿ ಮತ್ತೆ ನೆಟ್ಟಗಾಗುವ ಹಾಗೆ.

ತಂಗಿ ಅದನ್ನು ಎಲ್ಲರಿಗೂ ಕಳಿಸಿದಳು. ಫೋನುಗಳಲ್ಲಿ ಅದು ಓಡಿತು. ಮಾವ ಟ್ಯಾಕ್ಸಿ ಸಾಲಿನಲ್ಲಿ ನಿಂತಿದ್ದ ಡ್ರೈವರುಗಳಿಗೆಲ್ಲ ತೋರಿಸಿ ‘ನಮ್ಮ ಹುಡುಗಿ ಮಾಡಿದ್ದು ಗುರು’ ಎಂದು ಬೀಗಿದನಂತೆ. ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ.

ಮದುವೆಗೆ ಇನ್ನೊಂದು ವಾರ ಇರುವಾಗ ದೊಡ್ಡಮ್ಮನ ಫೋನು ಬಂತು. ‘ಅದೇನೋ ಫೋನಲ್ಲಿ ಕಳ್ಸಿದ್ರಂತಲ್ಲ. ಡೈರಿ ಹತ್ರ ಯಾರೋ ತೋರ್ಸಿದ್ರಂತೆ. ಅದನ್ನ ನೋಡ್ಕೊಂಡ್ಬಂದೋರು ನಿಮ್ಮ ದೊಡ್ಡಪ್ಪ ಉಣ್ಲಿಲ್ಲ ಕಣವ್ವ. ಮದ್ವೆಗೆ ಬರಲ್ಲ ಅಂತಾವ್ರೆ. ಯಾಕೆ ಅಂದ್ರೆ ಬಾಯಿ ಬಿಡ್ತಿಲ್ಲ.’

ಅಮ್ಮ ಫೋನು ಕೆಳಗಿಟ್ಟು ಗೋಡೆಗೊರಗಿ ಕುಳಿತುಬಿಟ್ಟಳು.

ಬಾಯಿ ಬಿಡದಿದ್ದರೇನು, ಕಾರಣ ನಮಗೆಲ್ಲ ಗೊತ್ತೇ ಇತ್ತು. ಹೆಸರಿನ ಹಿಂದು ಮುಂದು. ಮಾವ ರೇಗಿದ. ‘ಎಡಗಡೆ ಹಾಕಿದ್ದೀವಲ್ಲ, ಇನ್ನೇನ್ ತಲೆ ಮೇಲೆ ಹೊತ್ಕೋಬೇಕಾ? ಬರದಿದ್ರೆ ಬಿಡಕ್ಕ, ನಾನೇ ಎರೀತೀನಿ ಧಾರೆ.’ ಅಣ್ಣ ಅಂಗಡಿಯಲ್ಲಿ ಫೋನನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ ಇನ್ನೊಂದು ಕಾರಣ ಕಂಡುಹಿಡಿದರು. ‘ನೋಡಮ್ಮ, ನಮ್ಮ ಜನ ಏನೇ ಮಾಡಿದ್ರೂ ಬಲಗೈ, ಬಲಗಾಲು. ದೀಪ ಅಂದ ತಕ್ಷಣ ಬಲಗಡೇದನ್ನೇ ಮೊದಲು ಮುಟ್ಟಿರ್ತಾರೆ. ನಿಮ್ಮ ಮಾವ ಮೊದಲು ಬಂದಿರ್ತಾನೆ. ಕಾಗದ ಎಡದಿಂದ, ಕೈ ಬಲದಿಂದ. ಇದು ನನಗೂ ಹೊಳೀಲಿಲ್ವಲ್ಲ!’

ಸರಿಯೆನ್ನಿಸಿತು. ದೀಪಗಳನ್ನು ಅದಲುಬದಲು ಮಾಡಿದರಾಯಿತು. ಅಂಗಡಿಯ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಮಾರನೆಯ ಬೆಳಗ್ಗೆ ಹೊಸಕೋಟೆ ಬಸ್ಸು ಹತ್ತಿದೆ. ಅಲ್ಲಿಂದ ನಂದಗುಡಿ ಬಸ್ಸು. ದಾರಿಯಲ್ಲಿ ನನ್ನ ಭಾಷಣ ಸಿದ್ಧ ಮಾಡಿಕೊಂಡೆ. ದೊಡ್ಡಪ್ಪನಿಗೆ ಬೈಯಬೇಕೆಂದೇ ಹೊರಟಿದ್ದೆ, ನಿಜ ಹೇಳುತ್ತೇನೆ. ಒಂದು ಹೆಸರು ಎಲ್ಲಿ ಬಂತೆಂದು ಅಪ್ಪನಿಲ್ಲದ ಹುಡುಗಿಯ ಮದುವೆ ಕೆಡಿಸುತ್ತೀರಾ, ನಿಮಗೆ ವಯಸ್ಸಾಗಿದೆಯೋ ಇಲ್ಲವೋ. ಇಷ್ಟು ಕೇಳಿಬಿಡಬೇಕು ಎಂದು.

ದೊಡ್ಡಪ್ಪ ಜಗಲಿಯ ಮೇಲೆ ಕುಳಿತು ಹಸುವಿನ ಹಗ್ಗ ಹೊಸೆಯುತ್ತಿದ್ದರು. ‘ಬಂದ್ಯಾ ಮಗ, ಕುಂತ್ಕೋ. ನೀರು ಕುಡಿ’ ಎಂದರು. ನಾನು ನೀರೂ ಕುಡಿಯದೆ ಲ್ಯಾಪ್‌ಟಾಪ್ ತೆಗೆದು ಅವರ ಮುಂದಿಟ್ಟೆ.

‘ದೊಡ್ಡಪ್ಪ, ನೋಡಿ. ನಿಮ್ಮ ಹೆಸರು ಬಲಗಡೆ ಹಾಕ್ತೀನಿ, ಮಾವನ್ದು ಎಡಗಡೆ. ನಿಮ್ಮ ಕಣ್ಣೆದುರೇ ಮಾಡ್ತೀನಿ. ಆಯ್ತಾ? ಇಷ್ಟಕ್ಕೆ ಮದುವೆಗೆ ಬರಲ್ಲ ಅಂದ್ರೆ ಹೆಂಗೆ?’

ಅವರು ಹಗ್ಗ ಬಿಟ್ಟು ನನ್ನ ಮುಖ ನೋಡಿದರು. ‘ಯಾವ ಹೆಸರು?’

‘ನಿಮ್ಮದು. ಮಾವನ್ದು ಮೊದಲು ಬಂತು ಅಂತ ತಾನೇ ಕೋಪ?’

‘ನನ್ನೆಸ್ರು ಕಟ್ಕೊಂಡು ನನಗೇನಾಗ್ಬೇಕು’ ಎಂದರು. ಪರದೆಯ ಕಡೆ ಕೈ ತೋರಿಸಿದರು. ‘ಮುಟ್ಟು ಅದನ್ನ. ನಿಮ್ಮಪ್ಪನ ಕಡೇದು.’

ದೀಪದ ಮೇಲೆ ಬಾಣದ ಗುರುತು ಇಟ್ಟು ಒತ್ತಿದೆ. ದೀಪ ಹೊತ್ತಿಕೊಂಡಿತು. ಅಪ್ಪನ ಹೆಸರು ಬಂತು, ಅಮ್ಮನದು ಬಂತು.

‘ಈಗ ಅದನ್ನ ಮುಟ್ಟು.’

ಬಲಗಡೆಯದನ್ನು ಒತ್ತಿದೆ. ಮಾವನ ದೀಪ ಹೊತ್ತಿತು. ಅದೇ ಹೊತ್ತಿಗೆ ಎಡಗಡೆಯ ದೀಪ ಒಮ್ಮೆ ಬಾಗಿ ಆರಿಹೋಯಿತು. ಹೆಸರುಗಳು ಕತ್ತಲೊಳಗೆ ಹೋದವು.

‘ನೋಡ್ದ್ಯಾ’ ಎಂದರು. ‘ಹಚ್ಚಿದ ದೀಪ ಕಣವ್ವ. ಮದ್ವೆ ಪತ್ರಿಕೇಲಿ. ಹಾಲು ಹಾಕೋಕೆ ಬಂದೋರೆಲ್ಲ ಸುತ್ತ ನಿಂತು ನೋಡ್ತಾವ್ರೆ. ನನ್ನ ತಮ್ಮನ ಹೆಸರು ಬಂತು ಅಂತ ಓದಿ ಹೇಳುದ್ರು, ನಾನು ಖುಷಿಯಾಗಿ ನಿಂತಿವ್ನಿ. ಫೋನ್ ಹಿಡಿದಿದ್ದೋನು ಇನ್ನೊಂದು ಮುಟ್ಟಿದ, ನನ್ನ ತಮ್ಮ ಆರೋದ. ನಿಮ್ಮಮ್ಮನೂ ಕತ್ತಲಾಗೋದ್ಲು. ನಿಮ್ಮ ಮಾವನ್ದು ಉರೀತಾನೇ ಐತೆ. ಆವತ್ತು ತಿಥೀಲೂ ಹಿಂಗೇ ಆಯ್ತಲ್ಲವ್ವಾ. ಅವ್ನು ಎದ್ದು ನಿಂತ, ನಮ್ಮನೆ ಕತ್ಲಾಯ್ತು. ಅದ್ನೇ ಮಾಡಿ ಊರಿಗೆಲ್ಲ ಕಳ್ಸವ್ರಲ್ಲ ಅನ್ನಿಸ್ಬಿಡ್ತು.’

ನನ್ನ ಭಾಷಣ ಎಲ್ಲಿ ಹೋಯಿತೋ. ನಾಲ್ಕು ಸಂಜೆ ಆ ಜ್ವಾಲೆಯನ್ನು ತಿದ್ದಿದವಳು ನಾನು. ಅದು ಆರುವುದನ್ನು ನೂರು ಸಲ ನೋಡಿದ್ದೆ, ದೀಪ ಆರಿತೆಂದು ಒಮ್ಮೆಯೂ ನನಗೆ ಕಾಣಲಿಲ್ಲ. ನನ್ನ ಕಣ್ಣಿಗೆ ಅದು ಒಂದು ಚಿತ್ರ ಮರೆಯಾಗಿ ಇನ್ನೊಂದಕ್ಕೆ ಜಾಗ ಮಾಡಿಕೊಡುವುದು. ಮನೆಯಲ್ಲಿ ಸಂಜೆ ಹಚ್ಚಿದ ದೀಪ ಗಾಳಿಗೆ ಅಲ್ಲಾಡಿದರೂ ಅಂಗೈ ಅಡ್ಡ ಹಿಡಿಯುವ ಅಮ್ಮನ ಮಗಳು ನಾನು! ಅಳು ಬಂದುಬಿಟ್ಟಿತು.

‘ಅಯ್ಯೋ ದೊಡ್ಡಪ್ಪ, ಯಾರೂ ಬೇಕಂತ ಮಾಡಿದ್ದಲ್ಲ. ಇಲ್ನೋಡಿ’ ಎಂದು ಪಕ್ಕದ ಚೌಕಗಳನ್ನು ತೋರಿಸಿದೆ. ‘ಒಂದು ತೆರೆದರೆ ಇನ್ನೊಂದು ಮುಚ್ಚಲಿ ಅಂತ ಒಂದು ಟಿಕ್ ಇರುತ್ತೆ. ಇದು ನಾನು ಹಾಕಿದ್ದಲ್ಲ, ಮೊದಲಿಂದಾನೇ ಅಲ್ಲಿ ಇರುತ್ತೆ. ನಾನು ಹಂಗೇ ಬಿಟ್ಟೆ.’

‘ಮೊದಲಿಂದಾನೇ ಇರುತ್ತಾ?’

‘ಹೂಂ. ಬೇಡ ಅಂದ್ರೆ ನಾವೇ ತೆಗೀಬೇಕು.’

‘ತೆಗಿ ಮತ್ತೆ.’

ತೆಗೆದೆ. ಬೆರಳು ಒಂದು ಸಲ ಒತ್ತುವಷ್ಟು ಕೆಲಸ. ಎರಡೂ ದೀಪ ಒತ್ತಿದೆ. ಎರಡೂ ಉರಿದವು. ಆದರೆ ಎರಡು ಕಡೆಯ ಹೆಸರುಗಳೂ ನಡುವಿನ ಒಂದೇ ಜಾಗಕ್ಕೆ ಬಂದು ಒಂದರ ಮೇಲೊಂದು ಬಿದ್ದು ಕಲಸುಮೇಲೋಗರ ಆಯಿತು. ಮಾವನ ಹೆಸರಿನ ಒತ್ತಕ್ಷರ ದೊಡ್ಡಪ್ಪನ ಹೆಸರಿನ ತಲೆಕಟ್ಟಿಗೆ ಸಿಕ್ಕಿಕೊಂಡಿತ್ತು. ಓದು ಬಾರದ ದೊಡ್ಡಪ್ಪನಿಗೂ ಅದು ಕಂಡಿತು.

‘ಇದೇನಿದು, ಒಬ್ರ ಮೇಲೊಬ್ರು ಬಿದ್ದವ್ರೆ?’

‘ನೀವೂ ಮಾವನೂ’ ಎಂದೆ.

ಅವರು ಒಂದು ಗಳಿಗೆ ನೋಡಿದರು. ಆಮೇಲೆ ಭುಜ ಕುಲುಕಿಸಿ ನಗತೊಡಗಿದರು. ‘ಸರ್ಯಾಗೈತೆ ಬಿಡು. ಎದ್ದು ಬಿದ್ದು ಕಿತ್ತಾಡೋದೇ ನಮ್ಮ ಹಣೇಲಿ ಬರ್ದಿರೋದು.’ ದೊಡ್ಡಮ್ಮ ಒಳಗಿನಿಂದ ಓಡಿ ಬಂದು ಇದೇನು ಇಷ್ಟು ದಿನಕ್ಕೆ ನಗುತ್ತಿದ್ದಾರೆಂದು ಇಣುಕಿದರು.

‘ಸರಿಸ್ತೀನಿ ಇರಿ. ಒಂದನ್ನ ಮೇಲಕ್ಕೆ, ಒಂದನ್ನ ಕೆಳಕ್ಕೆ’ ಎಂದು ಬಾಯಿಂದ ಹೊರಟ ಮೇಲೆ ನಾಲಿಗೆ ಕಚ್ಚಿಕೊಂಡೆ. ಮೇಲೆ ಯಾರು, ಕೆಳಗೆ ಯಾರು? ಮತ್ತೆ ಮೊದಲಿಗೇ ಬಂದಿತಲ್ಲ. ದೊಡ್ಡಪ್ಪ ಹಗ್ಗ ಎತ್ತಿಕೊಂಡು ಮತ್ತೆ ಹೊಸೆಯಲು ಶುರುಮಾಡಿದ್ದರು. ತಲೆ ಎತ್ತದೆ ಹೇಳಿದರು. ‘ನಿಮ್ಮ ಮಾವನ್ನೇ ಮ್ಯಾಲಾಕು. ಅವ್ನಿಗೆ ಅದೊಂದು ಆಸೆ ಇರುತ್ತೆ. ನಿಮ್ಮನ್ನ ಓದಿಸವ್ನೆ ಪಾಪ. ನಮ್ಮ ದೀಪ ಆರ್ದಿದ್ರೆ ಸಾಕು.’

ಆಮೇಲೆ ತಾವೇ ಬೆರಳನ್ನು ಪಂಚೆಗೆ ಒರೆಸಿಕೊಂಡು ಪರದೆ ಮುಟ್ಟಲು ಬಂದರು. ಲ್ಯಾಪ್‌ಟಾಪಿನ ಪರದೆ ಮುಟ್ಟಿದರೆ ಆಗುವುದಿಲ್ಲ, ಆದ್ದರಿಂದ ನನ್ನ ಫೋನಿನಲ್ಲಿ ತೆರೆದು ಕೊಟ್ಟೆ. ಮೊದಲು ಮಾವನ ದೀಪ ಮುಟ್ಟಿದರು, ಆಮೇಲೆ ತಮ್ಮನದು. ಎರಡೂ ಉರಿಯುವುದನ್ನು ಬಹಳ ಹೊತ್ತು ನೋಡಿದರು. ‘ಇದೊಂದು ಟಿಕ್ ತೆಗೆಯೋಕೆ ದೇವನಹಳ್ಳಿಯಿಂದ ಬಂದ್ಯಾ?’ ಎಂದರು. ‘ಹೂಂ’ ಎಂದೆ. ‘ಒಳ್ಳೇದಾಯ್ತು ಬಿಡು. ಉಂಡ್ಕೊಂಡು ಹೋಗು.’

ಮದುವೆಯ ಬೆಳಗ್ಗೆ ಛತ್ರದ ಬಾಗಿಲಲ್ಲಿ ಅಮ್ಮ ನಿಂತೇ ಇದ್ದಳು. ದೊಡ್ಡಪ್ಪ ದೊಡ್ಡಮ್ಮ ಇಳಿದದ್ದನ್ನು ಕಂಡ ಮೇಲೆ ‘ಇನ್ನು ನನ್ನ ಕೆಲಸ ಆಯ್ತು’ ಎಂದು ಸ್ಟೋರ್ ರೂಮಿಗೆ ಹೋಗಿ ಕಾಯಿ ಮೂಟೆಯ ಪಕ್ಕ ಕುಳಿತಳು. ನನಗೆ ಮತ್ತೆ ಜಗಳ ಮಾಡುವ ಧೈರ್ಯ ಬರಲಿಲ್ಲ. ಇಷ್ಟು ಸರಿಹೋದದ್ದೇ ಹೆಚ್ಚು, ಇನ್ನೇನಾದರೂ ಹೇಳಿ ಕೆಡಿಸಿಬಿಟ್ಟರೆ ಎಂದು ಹೆದರಿಕೆ.

ಮಾವ ತಂಗಿಯನ್ನು ಕೈಹಿಡಿದು ಮಂಟಪಕ್ಕೆ ಕರೆದುಕೊಂಡು ಬಂದ. ದೊಡ್ಡಪ್ಪನೂ ಅವನೂ ಎದುರುಬದುರಾದರು. ಮಾವ ಜಾಗ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದ. ಪುರೋಹಿತರು ಹೆಣ್ಣುಗಂಡಿನ ಕೈಗಳನ್ನು ಜೋಡಿಸಿ ತೆಂಗಿನಕಾಯಿ ಇಟ್ಟು ‘ಧಾರೆ ಎರೆಯೋರು ಬನ್ನಿ’ ಎಂದರು. ದೊಡ್ಡಮ್ಮ ಹಾಲು ನೀರಿನ ಚೊಂಬನ್ನು ದೊಡ್ಡಪ್ಪನ ಕೈಗೆ ಕೊಟ್ಟರು. ವಾದ್ಯದವರು ಗಟ್ಟಿಮೇಳಕ್ಕೆ ಸಿದ್ಧರಾದರು.

ದೊಡ್ಡಪ್ಪ ಚೊಂಬು ಹಿಡಿದು ಸುತ್ತ ನೋಡಿದರು. ‘ಇವ್ಳ ತಾಯಿ ಎಲ್ಲಿ?’

ಗಂಡಿನ ಕಡೆಯ ಹಿರಿಯ ಹೆಂಗಸೊಬ್ಬರು ಮೆಲ್ಲಗೆ ಹೇಳಿದರು. ‘ಅವರು ಒಳಗಡೆ ಅವರೆ ಕಣಪ್ಪ. ಈ ಹೊತ್ತಲ್ಲಿ ಅವರು ಮುಂದೆ ಬರೋ ಹಂಗಿಲ್ಲ. ಮೊದಲಿಂದಾನೂ ಅದು ಹಂಗೇ ಅಲ್ವಾ.’

‘ಮೊದಲಿಂದಾನೇ ಇರುತ್ತೆ, ಗೊತ್ತು’ ಎಂದರು ದೊಡ್ಡಪ್ಪ. ಮಂಟಪದ ಮೇಲಿಂದ ನನ್ನನ್ನು ಹುಡುಕಿ ನೋಡಿದರು. ‘ಬೇಡ ಅಂದ್ರೆ ನಾವೇ ತೆಗೀಬೇಕಂತೆ. ನಮ್ಮ ಹುಡುಗಿ ಆ ಟಿಕ್ ಆವತ್ತೇ ತೆಗೆದವ್ಳೆ. ಕರೀರಿ ಆಯಮ್ಮನ್ನ. ಅವ್ಳು ಬರೋಗಂಟ ನಾನು ಎರಿಯಲ್ಲ.’

ಟಿಕ್ ಎಂದರೇನೆಂದು ಛತ್ರದಲ್ಲಿದ್ದ ಯಾರಿಗೂ ಗೊತ್ತಾಗಲಿಲ್ಲ. ಪುರೋಹಿತರು ಮುಹೂರ್ತ ಮೀರುತ್ತದೆಂದು ಗಡಿಯಾರ ನೋಡಿದರು. ನನಗೆ ಎದ್ದು ಓಡಬೇಕೆನ್ನಿಸಿತು. ನನಗಿಂತ ಮೊದಲು ಮಾವ ಮಂಟಪದಿಂದ ಇಳಿದು ಜನರನ್ನು ಸರಿಸಿಕೊಂಡು ಸ್ಟೋರ್ ರೂಮಿಗೆ ಹೋದ. ‘ಅಕ್ಕ, ಭಾವ ಕರೀತಾವ್ರೆ, ಬಾ’ ಎಂದದ್ದು ನಮಗೆಲ್ಲ ಕೇಳಿಸಿತು. ಅವನು ದೊಡ್ಡಪ್ಪನನ್ನು ಭಾವ ಎಂದದ್ದು ಅಪ್ಪನ ತಿಥಿಯಾದ ಮೇಲೆ ಅದೇ ಮೊದಲು.

ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ಕೈಗೆ ತೆಂಗಿನ ನಾರು ಅಂಟಿಕೊಂಡಿತ್ತು. ದೊಡ್ಡಪ್ಪ ಚೊಂಬನ್ನು ಅವಳ ಕಡೆ ಚಾಚಿದರು. ಅಮ್ಮ ಹಿಡಿದದ್ದೇ ಚೊಂಬು ವಾಲಿ ಹಾಲು ತುಳುಕಿತು. ದೊಡ್ಡಪ್ಪ ಒಂದು ಕಡೆಯಿಂದ ಹಿಡಿದರು, ಮಾವ ಕೆಳಗಿನಿಂದ ಕೈ ಕೊಟ್ಟ. ತಂಗಿ ತಲೆ ಎತ್ತಿ ಅಮ್ಮನನ್ನು ನೋಡಿ ಜೋರಾಗಿ ಅತ್ತುಬಿಟ್ಟಳು, ಅಷ್ಟರಲ್ಲಿ ಧಾರೆ ಬಿತ್ತು.